ಡೇವಿಡ್ ಗ್ರೂಬಿ

ಮಕ್ಕಳ ತಲೆಯಲ್ಲಿ ಕೂದಲು ಬಿಲ್ಲೆಬಿಲ್ಲೆಯಾಗಿ ಉದುರಿ, ಚರ್ಮವು ಹೊಟ್ಟೇಳುವ ರೋಗವನ್ನು ನಮ್ಮ ಜನರು ಹುಳುಕಡ್ಡಿಯೆಂದು ಕರೆಯುವರು. ಹೆಸರಿನಲ್ಲಿ ಹುಳುವಿದೆಯೇ ಹೊರತು ರೋಗದಲ್ಲಿ ಹುಳುವಿಲ್ಲ. ಅದಕ್ಕೆ ಕಾರಣ ಒಂದು ಬಗೆಯ ಬೂಷ್ಟು ಎಂಬುದನ್ನು ಸಿದ್ಧಪಡಿಸಿ ತೋರಿದವರಲ್ಲಿ ಡೇವಿಡ್ ಗ್ರೂಬಿಯು ಅಗ್ರಗಣ್ಯನು.

ಈತನು 1810ರಲ್ಲಿ, ಅಂದು ಹಂಗೇರಿಗೆ ಸೇರಿದ್ದು ಇಂದು ಸರ್ಬಿಯದಲ್ಲಿರುವ ಒಂದು ಹಳ್ಳಿಯ ಬಡ ಯೆಹೂದಿ ಮನೆತನದಲ್ಲಿ ಜನಿಸಿದನು. ವಿದ್ಯೆಯನ್ನರಸಿ ಪೆಸ್ಟ್ ನಗರಕ್ಕೆ ಬಂದ ಹುಡುಗನಿಗೆ ಯೆಹೂದಿಯೆಂಬ ಕಾರಣದಿಂದ ಶಾಲೆಯಲ್ಲಿ ಸ್ಥಳ ದೊರೆಯಲಿಲ್ಲವೆಂದೂ, ಅವನು ಬಾಗಿಲ ಹೊರಗೆ ನಿಂತೇ ಪಾಠ ಕೇಳಿದನೆಂದೂ ಹೇಳುವರು. ಮುಂದೆ ವಿಯೆನ್ನಾದಲ್ಲಿ ವೈದ್ಯ ಪದವಿಯನ್ನು ಪಡೆದು ಪ್ಯಾರಿಸ್ಸಿಗೆ ತೆರಳಿದನು.

ಆಗಿನ ವೈದ್ಯರಲ್ಲಿ ಅನೇಕರು ಈ ರೋಗವು ಮೈಯೊಳಗಿನ ಕೆಡುಕಿನಿಂದ ಹುಟ್ಟುವುದೆಂದು ನಂಬಿದ್ದರು. ಚಿಕಿತ್ಸೆಯಾದರೋ ಘೋರವಾದುದು! ಮಗುವಿನ ತಲೆಗೆ ಕೀಲೆಣ್ಣೆಯಂತಹ ಅಂಟಿನ ಟೊಪ್ಪಿಗೆಯನ್ನು ಹಾಕಿ, ಅದು ಬಿಗಿದ ಮೇಲೆ ಕೂದಲಸಹಿತ ಕಿತ್ತೆಳೆಯುತ್ತಿದ್ದರು. ತಲೆ ಬೋಳಾದ ಮಗುವಿಗೆ ನೋವಿನೊಡನೆ ನಾಚಿಕೆಯೂ ಸೇರಿಕೊಳ್ಳುತ್ತಿತ್ತು.

ರೇಷ್ಮೆಹುಳುವಿನ ಒಂದು ರೋಗಕ್ಕೆ ಬೂಷ್ಟು ಕಾರಣವೆಂದು ಇಟಲಿಯ ಬಾಸಿಯು 1835ರಲ್ಲಿ ತಿಳಿಸಿದ್ದನು. ತಲೆಯಲ್ಲಿ ಹಳದಿ ಹಕ್ಕಳೆಗಟ್ಟುವ ಫೇವಸ್ ಎಂಬ ರೋಗದಲ್ಲಿಯೂ ಬೂಷ್ಟಿರುವುದನ್ನು 1839ರಲ್ಲಿ ಶೋನ್‌ಲೈನನು ಪ್ರಕಟಿಸಿದನು. ಗ್ರೂಬಿಯು 1841ರಲ್ಲಿ ಸ್ವತಂತ್ರವಾಗಿ ಅದನ್ನೇ ಕಂಡನು. ಆದರೆ ಕಂಡಷ್ಟಕ್ಕೆ ತೃಪ್ತನಾಗಲಿಲ್ಲ. ಹಕ್ಕಳೆಯ ಬೂಷ್ಟನ್ನು ಆರೋಗ್ಯವಾದ ಚರ್ಮಕ್ಕೆ ತಗುಲಿಸಿ, ಅದೇ ರೋಗವು ಹುಟ್ಟುವುದನ್ನು ತೋರಿಸಿದನು. ರೋಗಕಾರಣವನ್ನು ಸಾಧಿಸುವ ಕಾಖ್‌ನ ನಿಯಮಗಳು ಬಂದುದು ಇದಾದ ಸುಮಾರು 40 ವರ್ಷಗಳ ಮೇಲೆ.

1843ರಲ್ಲಿ ಇನ್ನೊಂದು ಬೂಷ್ಟನ್ನು ಕಂಡುಹಿಡಿದನು. ಅದರ ಅತಿಸೂಕ್ಷ್ಮ ಬೀಜಕಣಗಳು ಕೂದಲಿನ ಬುಡಕ್ಕೆ ಕವಚದಂತೆ ಸುತ್ತಿಕೊಳ್ಳುವುವು. ಬಲಗುಂದಿದ ಕೂದಲು ಚರ್ಮದಿಂದ ಕೆಲವೇ ಮಿಲಿಮೀಟರ್ ಮೇಲಕ್ಕೆ ಮುರಿಯುವುದು. ಬಾಚಣಿಗೆ, ಟೊಪ್ಪಿಗೆಗಳ ಮೂಲಕ ಮಗುವಿನಿಂದ ಮಗುವಿಗೆ ಹರಡುವ ಇದಕ್ಕೆ, ದಿವಂಗತ ಪ್ರಾಣಿಶಾಸ್ತ್ರಜ್ಞ ಓಡ್ವಾನನ ಸ್ಮರಣಾರ್ಥ ಮೈಕ್ರೋಸ್ಪೋರಮ್ ಓಡೋನಿಯೆಂದು ಹೆಸರಿಟ್ಟನು. ಮರುವರ್ಷವೇ, ಕೂದಲಿನ ಒಳಗೆ ಬೆಳೆಯುವ ಬೂಷ್ಟನ್ನೂ ವರ್ಣಿಸಿದನು. ಒಂದೇ ಎಂದು ತೋರುವ ರೋಗಕ್ಕೆ ಬೇರೆಬೇರೆ ಬೂಷ್ಟುಗಳು ಕಾರಣವಾಗಬಲ್ಲವೆಂಬ ಈ ವಿವೇಚನೆಯೇ ನನ್ನ ಎಣಿಕೆಯಲ್ಲಿ ಆತನ ಹಿರಿಮೆ.

ಆದರೂ ವೈದ್ಯಲೋಕವು ಇದನ್ನು ಬೇಗನೆ ಒಪ್ಪಲಿಲ್ಲ. ಗ್ರೂಬಿಯು ಸಂಶೋಧನೆಯನ್ನು ಬಿಟ್ಟು ವೈದ್ಯವೃತ್ತಿಯಲ್ಲಿ ಮುಳುಗಿದನು. ಸಂಗೀತಗಾರ ಶೋಪಾನನೂ ಆತನ ರೋಗಿಗಳಲ್ಲೊಬ್ಬನು. ಸುಮಾರು 50 ವರ್ಷಗಳ ಬಳಿಕ ಸಾಬೂರೋ ಎಂಬ ತರುಣ ವೈದ್ಯನು ಪ್ಯಾರಿಸ್ಸಿನ ಮಕ್ಕಳ ಕೂದಲನ್ನು ಮತ್ತೆ ಪರೀಕ್ಷಿಸಿ, ಗ್ರೂಬಿಯು ಬರೆದುದು ನಿಜವೆಂದು ಸಾರಿದನು. ಆಗ ಆ ವೃದ್ಧನು ಅದೇ ನಗರದಲ್ಲಿ ಇನ್ನೂ ಬದುಕಿದ್ದನು. 1898ರಲ್ಲಿ, ತನ್ನ 88ನೆಯ ವಯಸ್ಸಿನಲ್ಲಿ ತೀರಿಕೊಂಡನು.