ಆಕಾಶಕ್ಕೆ ರೈಲು ಬಿಟ್ಟ ಫ್ರೆಡ್ಡಿ ಲೇಕರ್

ಫೈನಲ್ ಇಯರ್ ಮುಗಿಯೋ ಹೊತ್ತಿಗೆ ನಮ್ಮ ಹಾಸ್ಟೆಲ್‌ನಲ್ಲಿ ಒಂದು ದೃಶ್ಯ ಮಾಮೂಲಿ. ಎಂ.ಎಸ್. ಸೀಟು ಸಿಕ್ಕಿದ ಸೀನಿಯರ್‌ಗಳು ರಾತ್ರಿಯೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು ವಿಮಾನದ ಟಿಕೆಟ್ ದರ ನೋಡ್ತಾ ಇರ್ತಾರೆ. ಊಟ ಬೇಡ ಅಂದ್ರೆ ಎಷ್ಟಾಗುತ್ತೆ, ಬ್ಯಾಗ್ ಒಂದೇ ಸಾಕು ಅಂದ್ರೆ ಎಷ್ಟು ಉಳಿಯುತ್ತೆ ಅನ್ನೋ ಲೆಕ್ಕ. ಸಾಗರ ದಾಟೋ ವಿಮಾನಕ್ಕೂ ಹೀಗೆ ಲೆಕ್ಕ ಹಾಕಬಹುದು ಅಂತ ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಮುಖ್ಯರು ಇಂಗ್ಲೆಂಡಿನ ಫ್ರೆಡ್ಡಿ ಲೇಕರ್. ಅದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ.

ಲೇಕರ್ ಹುಟ್ಟಿದ್ದು 1922ರ ಆಗಸ್ಟ್ 6ರಂದು, ಕ್ಯಾಂಟರ್ಬರಿಯಲ್ಲಿ. ಹಡಗಿನಲ್ಲಿ ದುಡಿಯುತ್ತಿದ್ದ ಅಪ್ಪ, ಮಗ ಚಿಕ್ಕವನಿದ್ದಾಗಲೇ ಮನೆ ಬಿಟ್ಟು ಹೋದರು. ಶಾಲೆ ಬಿಟ್ಟ ಹುಡುಗ ರೋಚೆಸ್ಟರ್‌ನ ಶಾರ್ಟ್ ಬ್ರದರ್ಸ್ ವಿಮಾನ ಕಾರ್ಖಾನೆ ಸೇರಿದ. ಶುರುವಿನಲ್ಲಿ ಕಸ ಗುಡಿಸೋದು, ಟೀ ಮಾಡಿಕೊಡೋದು. ಡಿಗ್ರಿ ಗಿಗ್ರಿ ಏನೂ ಇರಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನಗಳನ್ನು ಕಾರ್ಖಾನೆಯಿಂದ ವಾಯುನೆಲೆಗೆ ತಲುಪಿಸುವ ಪಡೆಯಲ್ಲಿ ಸೇರಿಕೊಂಡು ಎಂಜಿನ್ ಕೆಲಸವನ್ನೂ ಹಾರಾಟವನ್ನೂ ಕಲಿತರು.

ಯುದ್ಧ ಮುಗಿದ ಮೇಲೆ ಹಳೆ ವಿಮಾನಗಳ ವ್ಯಾಪಾರಕ್ಕಿಳಿದರು. 1948ರಲ್ಲಿ ಸ್ನೇಹಿತರೊಬ್ಬರಿಂದ ಸಾಲ ತಗೊಂಡು 12 ಹಾಲ್ಟನ್ ವಿಮಾನ ಕೊಂಡುಕೊಂಡರು. ಅದೇ ಸಮಯಕ್ಕೆ ಸೋವಿಯತ್ ಪಡೆಗಳು ಪಶ್ಚಿಮ ಬರ್ಲಿನ್ನಿನ ರಸ್ತೆ, ರೈಲು ದಾರಿಗಳನ್ನೆಲ್ಲ ಮುಚ್ಚಿಬಿಟ್ಟವು. ಆ ಊರಿಗೆ ಕಲ್ಲಿದ್ದಲು, ಆಹಾರ ಎಲ್ಲವೂ ಆಕಾಶದಿಂದಲೇ ಹೋಗಬೇಕಾಯಿತು. ಹಾರುವ ಸ್ಥಿತಿಯಲ್ಲಿರೋ ಪ್ರತಿ ವಿಮಾನಕ್ಕೂ ಕೆಲಸ ಸಿಕ್ಕಿತು. ಲೇಕರ್ ಕೈಗೆ ದುಡ್ಡು ಬಂತು.

ಅವರಿಗೆ ಸೋಲು ಗೊತ್ತಿಲ್ಲದೆ ಇರಲಿಲ್ಲ. ಅಕೌಂಟೆಂಟ್ ಅನ್ನೋ ಹೆಸರಿನಲ್ಲಿ ಸ್ವಂತ ವಿಮಾನ ಮಾಡಿಸಿದರು. ಅದು 1957ರಲ್ಲಿ ಹಾರಿತು, ಆದರೆ ಕೊಳ್ಳೋರು ಸಿಗಲಿಲ್ಲ. ಒಂದೇ ಒಂದು ತಯಾರಾಗಿ ಗುಜರಿಗೆ ಹೋಯಿತು. ಆಮೇಲಿನ ಐಡಿಯಾ ಮಾತ್ರ ಕ್ಲಿಕ್ ಆಯಿತು. ಹಳೇ ಡಿಸಿ-4 ವಿಮಾನದ ಮೂಗು ಬದಲಿಸಿ, ಕಾಕ್‌ಪಿಟ್ಟನ್ನು ಮೇಲಕ್ಕೆತ್ತಿ, ಮುಂದಿನ ಬಾಗಿಲಿನಿಂದ ಕಾರುಗಳನ್ನೇ ಒಳಗೆ ತಳ್ಳುವ ಹಾಗೆ ಮಾಡಿಸಿದರು. ಕಾರ್ವೇರ್ ಅನ್ನೋ ಈ ವಿಮಾನ ಐದು ಕಾರುಗಳನ್ನೂ ಅವುಗಳ ಮಾಲೀಕರನ್ನೂ ಹೊತ್ತು ಇಂಗ್ಲಿಷ್ ಕಾಲುವೆ ದಾಟುತ್ತಿತ್ತು. ಚಿತ್ರ ನೋಡಿದರೆ ಜಂಬೋ ಜೆಟ್ಟಿನ ಅಜ್ಜನ ಹಾಗಿದೆ.

1966ರಲ್ಲಿ ಲೇಕರ್ ಏರ್‌ವೇಸ್ ಶುರುವಾಯಿತು. ಇಲ್ಲಿ ಮೆಕ್ಯಾನಿಕಲ್‌ನವರು ಗಮನಿಸಬೇಕಾದ ಒಂದು ವಿಷಯ ಇದೆ. ರನ್‌ವೇ ಉದ್ದ ಇದ್ದು ವಿಮಾನ ಹಗುರ ಇದ್ದರೆ, ಎಂಜಿನ್ನಿನ ಪೂರ್ತಿ ಬಲ ಬಳಸದೆ ಸ್ವಲ್ಪ ಕಡಿಮೆ ಬಲದಲ್ಲೇ ಟೇಕಾಫ್ ಮಾಡೋ ಪದ್ಧತಿಯನ್ನು ಮೊದಮೊದಲು ರೂಢಿಗೆ ತಂದ ಕಂಪನಿಗಳಲ್ಲಿ ಇದೂ ಒಂದು. ಎಂಜಿನ್ ಒಳಗಿನ ಶಾಖ ಕಡಿಮೆಯಾದಷ್ಟೂ ಅದರ ಆಯಸ್ಸು ಹೆಚ್ಚು, ರಿಪೇರಿ ಖರ್ಚು ಕಡಿಮೆ. ಅಗ್ಗದ ಟಿಕೆಟ್ ಅನ್ನೋದು ಬರೀ ಜಾಹೀರಾತಿನಿಂದ ಹುಟ್ಟೋದಲ್ಲ.

ಆ ಕಾಲದಲ್ಲಿ ಅಟ್ಲಾಂಟಿಕ್ ದಾಟೋ ಟಿಕೆಟ್ಟಿನ ದರವನ್ನು ದೊಡ್ಡ ಕಂಪನಿಗಳೆಲ್ಲ ಕೂಡಿ ನಿಗದಿ ಮಾಡ್ತಿದ್ದವು. ಕಡಿಮೆ ದರದ ಚಾರ್ಟರ್ ವಿಮಾನ ಬೇಕಂದ್ರೆ ಯಾವುದಾದರೂ ಸಂಘಕ್ಕೆ ಆರು ತಿಂಗಳಾದರೂ ಸದಸ್ಯರಾಗಿರಬೇಕಿತ್ತು. ಮೊಮ್ಮಗುವನ್ನು ನೋಡಲು ಹೊರಟವರೂ ಸುಳ್ಳು ಸದಸ್ಯತ್ವ ತೋರಿಸಬೇಕಾದ ಪರಿಸ್ಥಿತಿ. ಇದು ಲೇಕರ್‌ಗೆ ಹಿಡಿಸಲಿಲ್ಲ. ಸ್ಟೇಷನ್ನಿಗೆ ಹೋಗಿ ಟಿಕೆಟ್ ಕೊಂಡು ರೈಲು ಹತ್ತೋ ಹಾಗೆ ವಿಮಾನ ಹತ್ತುವಂತಿರಬೇಕು ಅಂತ 1971ರಲ್ಲಿ ಸ್ಕೈಟ್ರೇನ್‌ಗೆ ಪರವಾನಗಿ ಕೇಳಿದರು. ಮುಂದಿನ ವರ್ಷ ಸಿಕ್ಕಿತು, 1975ರಲ್ಲಿ ಸರ್ಕಾರ ಅದಕ್ಕೆ ತಡೆ ಹಾಕಿತು. ಲೇಕರ್ ಸರ್ಕಾರದ ಮೇಲೇ ಕೇಸು ಹಾಕಿದರು. 1976ರ ಕೊನೆಗೆ ಮೇಲ್ಮನವಿ ನ್ಯಾಯಾಲಯದಲ್ಲೂ ಗೆದ್ದರು.

1977ರ ಸೆಪ್ಟೆಂಬರ್ 26ರಂದು ಗ್ಯಾಟ್‌ವಿಕ್‌ನಿಂದ ನ್ಯೂಯಾರ್ಕ್‌ಗೆ ಮೊದಲ ಸ್ಕೈಟ್ರೇನ್ ಹಾರಿತು. ಲಂಡನ್ನಿನಿಂದ ಹೋಗೋಕೆ 59 ಪೌಂಡ್, ಮಾಮೂಲಿ ದರದ ಸುಮಾರು ಮೂರನೇ ಒಂದು ಪಾಲು. ಮುಂಗಡ ಬುಕಿಂಗ್ ಇಲ್ಲ. ಹೊರಡೋ ದಿನ ಕ್ಯೂ ನಿಂತು ಟಿಕೆಟ್ ಕೊಳ್ಳಬೇಕು. ಊಟಕ್ಕೆ ಬೇರೆ ದುಡ್ಡು, ಬೇಕಿದ್ರೆ ಬುತ್ತಿ ಕಟ್ಟಿಕೊಂಡು ಹೋಗಬಹುದು. ವಿದ್ಯಾರ್ಥಿಗಳು, ಮುದುಕರು ಫುಟ್‌ಪಾತ್ ಮೇಲೆ ಮಲಗಿ ಕಾದರು. ಅಲ್ಲಿವರೆಗೆ ಅಮೆರಿಕ ಅನ್ನೋದನ್ನ ಸಿನಿಮಾದಲ್ಲಷ್ಟೇ ನೋಡಿದ್ದ ಜನ ಅವರು. ಮರುವರ್ಷ ಲೇಕರ್‌ಗೆ ಸರ್ ಪದವಿ ಬಂತು.

ಮುಂದೆ ಎಡವಿದ್ದು ಲೆಕ್ಕದಲ್ಲಿ. ಹೊಸ ಡಿಸಿ-10, ಏರ್‌ಬಸ್ ವಿಮಾನಗಳಿಗೆ ಭಾರೀ ಸಾಲ ಮಾಡಿದರು. ಆದಾಯದ ಬಹುಪಾಲು ಪೌಂಡ್‌ನಲ್ಲಿ, ಸಾಲದ ಕಂತು ಡಾಲರ್‌ನಲ್ಲಿ. 1979ರಲ್ಲಿ ಷಿಕಾಗೋದಲ್ಲಿ ಬೇರೆ ಕಂಪನಿಯ ಡಿಸಿ-10 ಅಪಘಾತಕ್ಕೀಡಾದ ಮೇಲೆ ಆ ಮಾದರಿಯ ವಿಮಾನಗಳೆಲ್ಲ ಕೆಲವು ವಾರ ನೆಲಕ್ಕೆ ಕೂತವು. ತೈಲದ ಬೆಲೆ ಏರಿತು. 1981ರಲ್ಲಿ ಪೌಂಡ್ ಕುಸಿದಾಗ ಕಂತು ತಾನಾಗೇ ಬೆಳೆಯಿತು. ಅದೇ ಹೊತ್ತಿಗೆ ದೊಡ್ಡ ಕಂಪನಿಗಳು ದರ ಇಳಿಸಿ ಲೇಕರ್ ದರಕ್ಕೆ ತಂದು ನಿಲ್ಲಿಸಿದವು. ಜನ ಅತ್ತ ಹೋದರು.

1982ರ ಫೆಬ್ರುವರಿ 5ರಂದು ಕಂಪನಿ ಮುಳುಗಿತು. ಹಾರಾಟದಲ್ಲಿದ್ದ ವಿಮಾನಗಳನ್ನೂ ವಾಪಸ್ ಕರೆಸಿದರು. ಸಾಲ 25 ಕೋಟಿ ಪೌಂಡ್ ದಾಟಿತ್ತು. ಬಾಕಿ ಬರಬೇಕಿದ್ದವರು, ಕೆಲಸ ಕಳಕೊಂಡವರು ಒಂದು ಕಡೆ. ಇನ್ನೊಂದು ಕಡೆ, ಅವರ ಕಂಪನಿ ಉಳಿಸಬೇಕು ಅಂತ ಸಾಮಾನ್ಯ ಜನ ತಮ್ಮ ಕೈಲಾದಷ್ಟು ಹಣ ಕಳಿಸತೊಡಗಿದರು. ವಿಮಾನ ಕಂಪನಿಯ ಮೇಲೆ ಇಷ್ಟು ಪ್ರೀತಿಯನ್ನು ನಾವು ಎಲ್ಲಾದರೂ ಕೇಳಿದ್ದೀವಾ?

ಬ್ರಿಟಿಷ್ ಏರ್‌ವೇಸ್, ಪ್ಯಾನ್ ಆಮ್ ಸೇರಿದಂತೆ ಹಲವು ಕಂಪನಿಗಳು ಒಳಸಂಚು ಮಾಡಿದವು ಅಂತ ಅಮೆರಿಕದಲ್ಲಿ ದಾವೆ ನಡೆಯಿತು. 1985ರಲ್ಲಿ ರಾಜಿಯಾಗಿ ಲೇಕರ್‌ಗೆ 80 ಲಕ್ಷ ಡಾಲರ್ ಸಿಕ್ಕಿತು. ಆ ಹೊತ್ತಿಗೆ ರಿಚರ್ಡ್ ಬ್ರಾನ್ಸನ್ ಅದೇ ಗ್ಯಾಟ್‌ವಿಕ್‌ನಿಂದ ವರ್ಜಿನ್ ಅಟ್ಲಾಂಟಿಕ್ ಶುರು ಮಾಡಿಯಾಗಿತ್ತು. ಬ್ರಾನ್ಸನ್‌ಗೆ ಬುದ್ಧಿಮಾತು ಹೇಳಿದವರಲ್ಲಿ ಲೇಕರ್ ಒಬ್ಬರು. ಮುಂದೆ ತಮ್ಮದೊಂದು ಜಂಬೋ ವಿಮಾನಕ್ಕೆ ಬ್ರಾನ್ಸನ್ ಅವರ ಹೆಸರನ್ನೇ ಇಟ್ಟರು. ಲೇಕರ್ 2006ರ ಫೆಬ್ರುವರಿ 9ರಂದು ಫ್ಲಾರಿಡಾದಲ್ಲಿ ತೀರಿಕೊಂಡರು.

ಅವರ ಕಂಪನಿ ಸ್ಕೈಟ್ರೇನ್ ಹಾರಿಸಿದ್ದು ಐದು ವರ್ಷವೂ ಪೂರ್ತಿ ಅಲ್ಲ. ಆದರೆ ಸಾಗರ ದಾಟೋದು ಶ್ರೀಮಂತರಿಗಷ್ಟೇ ಅನ್ನೋ ಮಾತು ಆಮೇಲೆ ಮೊದಲಿನ ಹಾಗೆ ನಿಲ್ಲಲಿಲ್ಲ. ಮುಂದಿನ ಸಲ ಟಿಕೆಟ್ ಬುಕ್ ಮಾಡುವಾಗ ಊಟ ಬೇಡ ಅನ್ನೋ ಕಡೆ ಕ್ಲಿಕ್ ಮಾಡಿ, ಅಮ್ಮ ಮಾಡಿಕೊಟ್ಟ ಚಪಾತಿ ಬ್ಯಾಗಿಗೆ ಹಾಕಿಕೊಳ್ಳೋವಾಗ, ಒಮ್ಮೆ ಈ ಮನುಷ್ಯನನ್ನ ನೆನೆಸಿಕೊಳ್ಳಿ. ಜೊತೆಗೆ, ಡಾಲರ್‌ನಲ್ಲಿ ಎಜುಕೇಷನ್ ಲೋನ್ ತಗೊಳ್ಳೋ ಮುಂಚೆ ಅವರ ಕೊನೆಯ ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳಿ.