ಮ್ಯಾಕ್‌ಫರ್ಸನ್ ಎಂಬ ಎಂಜಿನಿಯರ್ ಮತ್ತು ಸಂಡೂರಿನ ಗುಂಡಿಗಳು

ಚೋರನೂರು ಕಡೆಯಿಂದ ಸಂಡೂರಿಗೆ ಎಸ್‌ಯುವಿ ಓಡಿಸಿಕೊಂಡು ಬರುವವರಿಗೆ ಒಂದು ಸದ್ದು ಚೆನ್ನಾಗಿ ಗೊತ್ತಿರುತ್ತೆ. ಗುಂಡಿಗೆ ಇಳಿದಾಗಲೆಲ್ಲ ಮುಂದಿನ ಚಕ್ರದ ಮೇಲ್ಗಡೆ ಟಕ್ ಅಂತ ಬಡಿಯುತ್ತೆ. ಬ್ರೇಕ್ ಒತ್ತಿದರೆ ಗಾಡಿ ಮೂತಿ ಕೆಳಗೆ ಬಗ್ಗುತ್ತೆ, ಟೈರು ಅಲ್ಲಲ್ಲಿ ಸವೆಯುತ್ತೆ. ಮೆಕ್ಯಾನಿಕ್ ಚಕ್ರದ ಹಿಂದೆ ಎಣ್ಣೆ ಸೋರಿ ಕೆಂಪು ಧೂಳು ಮೆತ್ತಿಕೊಂಡಿರುವುದನ್ನು ತೋರಿಸಿ ಶಾಕಪ್ ಹೋಗಿದೆ ಅಂತಾರೆ. ಕ್ರೆಟಾ, ಬ್ರೆಝಾ ಥರದ ಗಾಡಿಗಳ ಮಾಹಿತಿ ಪಟ್ಟಿಯಲ್ಲಿ ಅದರ ಹೆಸರು ಮ್ಯಾಕ್‌ಫರ್ಸನ್ ಸ್ಟ್ರಟ್. ಜಗತ್ತಿನ ಕೋಟ್ಯಂತರ ಕಾರುಗಳ ಮೇಲೆ ಹೆಸರು ಉಳಿಸಿಹೋದ ಈ ಮನುಷ್ಯ ಯಾರು ಅಂತ ನಾವು ಎಂಜಿನಿಯರಿಂಗ್ ಓದುವಾಗಲೂ ಯಾರೂ ಹೇಳಲಿಲ್ಲ. ಚಿತ್ರ ಬರೆದು ಭಾಗಗಳ ಹೆಸರು ಗುರುತಿಸಿದರೆ ಅಂಕ ಬರುತ್ತಿತ್ತು, ಅಷ್ಟೇ.

ಅರ್ಲ್ ಎಸ್. ಮ್ಯಾಕ್‌ಫರ್ಸನ್ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಎಂಜಿನಿಯರಿಂಗ್ ಓದಿ 1915ರಲ್ಲಿ ಡೆಟ್ರಾಯಿಟ್‌ನ ಚಾಮರ್ಸ್ ಕಂಪನಿ ಸೇರಿದ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗಿ ವಿಮಾನದ ಎಂಜಿನ್‌ಗಳ ಮೇಲೆ ಕೆಲಸ ಮಾಡಿದ. ವಾಪಸು ಬಂದ ಮೇಲೆ ಲಿಬರ್ಟಿ, ಆಮೇಲೆ ಹಪ್‌ಮೊಬೈಲ್. ಈ ಕಂಪನಿಗಳ ಹೆಸರು ಇವತ್ತು ಯಾರಿಗೂ ನೆನಪಿಲ್ಲ, ಒಂದೊಂದೇ ಮುಳುಗಿದವು. 1934ರಲ್ಲಿ ಆತ ಜನರಲ್ ಮೋಟಾರ್ಸ್ ಸೇರಿ ಷೆವ್ರೊಲೆ ವಿಭಾಗದಲ್ಲಿ ಮೇಲೇರಿದ.

ಕತೆ ಬಿಸಿಯಾಗುವುದು 1945ರಲ್ಲಿ. ಯುದ್ಧ ಮುಗಿದಿತ್ತು, ಸೈನಿಕರು ಮನೆಗೆ ಬರುತ್ತಿದ್ದರು. ಸಾಮಾನ್ಯರ ಕೈಗೆ ಎಟುಕುವ ಸಣ್ಣ ಕಾರೊಂದು ಬೇಕು ಅಂತ ಕಂಪನಿ ಯೋಜನೆ ಹಾಕಿ ಮ್ಯಾಕ್‌ಫರ್ಸನ್‌ನನ್ನು ಅದರ ಮುಖ್ಯ ಎಂಜಿನಿಯರ್ ಮಾಡಿತು. ಷೆವ್ರೊಲೆ ಕೆಡೆಟ್ ಅಂತ ಹೆಸರು. ಬೆಲೆ 1000 ಡಾಲರ್‌ಗಿಂತ ಕಡಿಮೆ ಇರಬೇಕು, ತೂಕ ಸುಮಾರು ಒಂದು ಟನ್ ದಾಟಬಾರದು. ಆದರೂ ನಾಲ್ಕು ಚಕ್ರಗಳೂ ಒಂದಕ್ಕೊಂದು ಸಂಬಂಧವಿಲ್ಲದಂತೆ ಗುಂಡಿ ಹತ್ತಿಳಿಯಬೇಕು ಅಂತ ಆತ ಪಟ್ಟು ಹಿಡಿದ. ಅಗ್ಗದ ಕಾರಿನವರಿಗೆ ಅಂಥ ಸುಖ ಯಾಕೆ ಅಂತ ಕೇಳುವವರಿಗೆ ಆಗಲೂ ಬರ ಇರಲಿಲ್ಲ.

ಅದುವರೆಗೆ ಮುಂದಿನ ಚಕ್ರವನ್ನು ಮೇಲೊಂದು, ಕೆಳಗೊಂದು ತೋಳು ಹಿಡಿದಿರುತ್ತಿತ್ತು. ಮ್ಯಾಕ್‌ಫರ್ಸನ್ ಮೇಲಿನ ತೋಳನ್ನೇ ತೆಗೆದ. ಕುಲುಕಾಟ ತಡೆಯುವ ಎಣ್ಣೆಯ ಕೊಳವೆಯನ್ನೇ ಗಟ್ಟಿ ಮಾಡಿ, ಸುತ್ತ ಸ್ಪ್ರಿಂಗ್ ಕೂರಿಸಿ, ತುದಿಯನ್ನು ಕಾರಿನ ದೇಹಕ್ಕೇ ಬೋಲ್ಟ್ ಹಾಕಿದ. ಸ್ಟೀರಿಂಗ್ ತಿರುಗಿಸಿದರೆ ಇಡೀ ಕಂಬವೇ ತಿರುಗುತ್ತೆ. ಬಿಡಿಭಾಗ ಕಡಿಮೆ, ಖರ್ಚು ಕಡಿಮೆ, ಎಂಜಿನ್‌ಗೆ ಜಾಗ ಜಾಸ್ತಿ. ಪೂರ್ತಿ ಹೊಸದು ಅಂತೇನೂ ಅಲ್ಲ. ಫಿಯಟ್‌ನ ಗೀಡೊ ಫೊರ್ನಾಕಾ 1920ರ ದಶಕದಲ್ಲೇ ಇಂಥದ್ದೊಂದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಕಾರ್ಖಾನೆಯಲ್ಲಿ ಸಾಲಾಗಿ ತಯಾರಿಸಬಹುದಾದ ವಸ್ತುವಾಗಿ ಅದು ನಿಂತದ್ದು ಮ್ಯಾಕ್‌ಫರ್ಸನ್ ಕೈಯಲ್ಲಿ.

1947ರಲ್ಲಿ ಕಂಪನಿ ಕೆಡೆಟ್ ಯೋಜನೆಯನ್ನೇ ಕೈಬಿಟ್ಟಿತು. ದೊಡ್ಡ ಕಾರುಗಳೇ ಕೇಳಿದ ಬೆಲೆಗೆ ಹೋಗುತ್ತಿರುವಾಗ ಸಣ್ಣದರ ಲಾಭ ಯಾರಿಗೆ ಬೇಕು? ಅದೇ ವರ್ಷ ಆತ ಫೋರ್ಡ್ ಸೇರಿದ. ಫ್ರಾನ್ಸ್‌ನ ಫೋರ್ಡ್ ವೆಡೆಟ್‌ನಲ್ಲಿ ಸ್ಟ್ರಟ್ ಮೊದಲು ಬಂತು, 1950ರಲ್ಲಿ ಇಂಗ್ಲೆಂಡಿನ ಕಾನ್ಸುಲ್ ಮತ್ತು ಜೆಫಿರ್ ಕಾರುಗಳಲ್ಲಿ ಜಗತ್ತಿಗೆ ಗೊತ್ತಾಯಿತು. 1952ರಲ್ಲಿ ಫೋರ್ಡ್‌ನ ಎಂಜಿನಿಯರಿಂಗ್ ಉಪಾಧ್ಯಕ್ಷನಾದರೂ ಅಮೆರಿಕದ ಫೋರ್ಡ್‌ಗಳಿಗೆ ಅದನ್ನು ಹಾಕಿಸಲು ಆಗಲಿಲ್ಲ. ಅಲ್ಲಿಗೆ ಬಂದದ್ದು 1970ರ ದಶಕದ ಕೊನೆಗೆ. ಆತ 1958ರಲ್ಲಿ ನಿವೃತ್ತನಾಗಿ 1960ರಲ್ಲಿ ತೀರಿಕೊಂಡ. 1983ರಲ್ಲಿ ನಮ್ಮ ಮಧ್ಯಮ ವರ್ಗದ ಮನೆ ಮುಂದೆ ಬಂದು ನಿಂತ ಮಾರುತಿ 800ರ ಮುಂದಿನ ಚಕ್ರಗಳಿಗೆ ಇದ್ದದ್ದು ಆತನ ಸ್ಟ್ರಟ್ಟೇ. ಕೆಡೆಟ್ ತಲುಪಬೇಕೆಂದಿದ್ದ ಥರದ ಜನರನ್ನು ಕೊನೆಗೂ ತಲುಪಿತು, ಬೇರೆ ದೇಶದಲ್ಲಿ.

ಬಿಡಿಭಾಗ ಕಡಿಮೆ ಇರೋದರಿಂದಲೇ ಇದನ್ನು ಮನೆ ಅಂಗಳದಲ್ಲೂ ಬದಲಾಯಿಸಬಹುದು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಬೇಡಿ. ಚಕ್ರ ಬಿಚ್ಚಿ, ಬ್ರೇಕ್ ಪೈಪು, ಎಬಿಎಸ್ ವೈರು, ಸ್ಟೆಬಿಲೈಸರ್ ಲಿಂಕ್ ಬಿಡಿಸಿ, ಕೆಳಗಿನ ಎರಡು ದಪ್ಪ ಬೋಲ್ಟ್ ತೆಗೆದರೆ, ಮೇಲೆ ಉಳಿಯೋದು ಬಾನೆಟ್ ಕಡೆಯ ನಟ್‌ಗಳು. ಚಕ್ರದ ಗುಬ್ಬಿಯನ್ನು ತಂತಿಯಲ್ಲಿ ಕಟ್ಟಿಡಿ, ಬ್ರೇಕ್ ಪೈಪಿನ ಮೇಲೆ ಜೋತುಬೀಳಬಾರದು. ಸುತ್ತಲಿನ ನಟ್ ಬಿಚ್ಚಿ, ನಡುವಿನ ದೊಡ್ಡ ನಟ್ ಮಾತ್ರ ಮುಟ್ಟಬೇಡಿ. ಅದರ ಕೆಳಗೆ ಸ್ಪ್ರಿಂಗ್ ಅದುಮಿಕೊಂಡು ಕೂತಿರುತ್ತೆ. ಕಂಪ್ರೆಸರ್ ಹಾಕದೆ ಬಿಚ್ಚಿದರೆ ಜೀವಕ್ಕೇ ಅಪಾಯ. ಕಂಪ್ರೆಸರ್ ಬಳಸಿ ಅಭ್ಯಾಸವಿಲ್ಲದವರು ಆ ಒಂದು ಕೆಲಸವನ್ನು ಗ್ಯಾರೇಜಿನಲ್ಲಿ ಮಾಡಿಸಿಕೊಳ್ಳುವುದೇ ಸರಿ. ಹಾಕುವಾಗ ಎರಡೂ ಕಡೆ ಹೊಸದು ಹಾಕಿ, ಮೇಲಿನ ಮೌಂಟ್ ಬೇರಿಂಗ್ ಸಮೇತ.

ಆದರೆ ಸ್ಟ್ರಟ್‌ಗೂ ಒಂದು ಮಿತಿ ಇದೆ. ಪೆಟ್ಟು ಪೂರ್ತಿ ಕರಗದೆ ಮೇಲಿನ ಮೌಂಟ್ ಮೂಲಕ ನೇರ ದೇಹಕ್ಕೇ ಹೋಗುತ್ತೆ. ಮ್ಯಾಕ್‌ಫರ್ಸನ್ ಲೆಕ್ಕ ಹಾಕಿದ್ದು ಟಾರು ರಸ್ತೆಗೆ, ಅದಿರು ಲಾರಿಗಳು ಉತ್ತುಹಾಕಿದ ರಸ್ತೆಗಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಆಮೇಲೆ ಷರತ್ತಿನೊಂದಿಗೆ ಮತ್ತೆ ಶುರುವಾಯಿತು. 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು, ಹಳೇ ಗುತ್ತಿಗೆದಾರರು ರಾಯಲ್ಟಿಯ 30% ಅದಕ್ಕೆ ಕಟ್ಟಬೇಕು. ಗಣಿಬಾಧಿತ ಊರುಗಳಿಗೆ ಅಂತಲೇ ಇರುವ ದುಡ್ಡು. ನಿಮ್ಮ ರಸ್ತೆಗೆ ಅದರಲ್ಲಿ ಎಷ್ಟು ಬಂತು ಅನ್ನೋದನ್ನು ಆರ್‌ಟಿಐ ಹಾಕಿ ಕೇಳಬಹುದು, ಗ್ರಾಮಸಭೆಯಲ್ಲೂ ಕೇಳಬಹುದು. ಗುಂಡಿಯ ಬಿಲ್ಲು ಈಗ ಬರುತ್ತಿರೋದು ಗಾಡಿ ಇಟ್ಟವರ ಮನೆಗೆ. ಗಾಡಿ ಇಲ್ಲದೆ ಬಸ್ಸಿನ ಹಿಂದಿನ ಸೀಟಲ್ಲಿ ಕೂತವರು ಅದನ್ನು ಸೊಂಟದಲ್ಲಿ ಕಟ್ಟುತ್ತಾರೆ.

ಸ್ಟ್ರಟ್ ಬದಲಾಯಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಹೊಸ ಟೈರೂ ಬೇಗ ಹೋಗುತ್ತೆ. ಅದಕ್ಕೆ ಯಂತ್ರ ಬೇಕು, ಅಂಗಳದಲ್ಲಿ ಆಗಲ್ಲ. ಹೊಸಪೇಟೆಗೇ ಹೋಗಬೇಕು, ಅದೇ ರಸ್ತೆಯಲ್ಲಿ.