ಸುಣ್ಣದ ಗೆರೆ ಮತ್ತು ಲ್ಯಾಂಬ್ಟನ್

ನಮ್ಮ ಅಂಬ್ಲಿಗೊಳದಲ್ಲಿ ಡ್ರೋನ್ ಸರ್ವೆ ಇದೆ, ಎಲ್ಲರೂ ತಮ್ಮ ಮನೆಜಾಗದ ಗಡಿಗೆ ಸುಣ್ಣದ ಗೆರೆ ಹಾಕಿಸಬೇಕು ಎಂದು ಎರಡು ದಿನ ಮೊದಲೇ ಸುದ್ದಿ ಬಂತು. ಹಿತ್ತಲಿನ ಬೇಲಿಯ ವಿಷಯದಲ್ಲಿ ನಮ್ಮ ಅಬ್ಬಾಗೂ ಪಕ್ಕದ ಮನೆಯ ಅಜ್ಜನಿಗೂ ಹಳೆಯ ತಕರಾರು. ಆಕಾಶದಿಂದ ತೆಗೆದ ಫೋಟೋದ ಅಳತೆಯನ್ನು ನಂಬುವುದು ಹೇಗೆ ಎಂದು ಅಬ್ಬಾ ನನ್ನನ್ನು ಕೇಳಿದರು. ವಿಜ್ಞಾನ ಓದುವ ನನಗೂ ಉತ್ತರ ಗೊತ್ತಿರಲಿಲ್ಲ. ಮರುದಿನ ಕಾಲೇಜಿನ ಲೈಬ್ರರಿಯಲ್ಲಿ ಹುಡುಕಿದಾಗ ಸಿಕ್ಕಿದ್ದು ವಿಲಿಯಂ ಲ್ಯಾಂಬ್ಟನ್ ಅವರ ಜೀವನ.

ಲ್ಯಾಂಬ್ಟನ್ ಇಂಗ್ಲೆಂಡಿನ ಯಾರ್ಕ್‌ಷೈರಿನ ಬಡ ಕುಟುಂಬದವರು. ಗಣಿತದಲ್ಲಿ ಚುರುಕು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ವಿರುದ್ಧ ಹೋರಾಡಿದ ಸೈನ್ಯದಲ್ಲಿ ಅವರೂ ಇದ್ದರು. ಗೆದ್ದ ನೆಲದ ಸರಿಯಾದ ನಕ್ಷೆ ಕಂಪನಿ ಸರ್ಕಾರಕ್ಕೆ ಬೇಕಿತ್ತು. ಅದನ್ನು ನಾವು ಮರೆಯಬೇಕಿಲ್ಲ. ಆದರೆ ಅವರ ಲೆಕ್ಕದ ಪ್ರಾಮಾಣಿಕತೆಯಿಂದ ಕಲಿಯುವುದು ಬಹಳ ಇದೆ.

1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಅವರು ಕೆಲಸ ಆರಂಭಿಸಿದರು. ಸುಮಾರು ಏಳೂವರೆ ಮೈಲಿಯ ಒಂದು ನೇರ ಗೆರೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆಯಲು 57 ದಿನ ಹಿಡಿಯಿತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ ಎಂದು ಶಾಖವನ್ನೂ ಬರೆದಿಟ್ಟರು. ಆ ಗೆರೆಯ ಎರಡೂ ತುದಿಗಳಿಂದ ದೂರದ ಬೆಟ್ಟವನ್ನು ನೋಡಿ ಕೋನ ಅಳೆದರೆ ಸಾಕು, ಬೆಟ್ಟದವರೆಗೆ ನಡೆಯದೆಯೇ ದೂರ ಸಿಗುತ್ತದೆ. ಹೀಗೆ ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತ ಮೈಸೂರು ಸೀಮೆ ದಾಟಿ ಮಂಗಳೂರಿನ ಕಡಲು ಮುಟ್ಟಿದರು. ನಕ್ಷೆಗಳಲ್ಲಿ 400 ಮೈಲಿ ಎಂದಿದ್ದ ಅಗಲ 360 ಮೈಲಿ ಎಂದು ತಿಳಿಯಿತು.

ಆದರೂ ಅವರು ಲೆಕ್ಕವನ್ನು ಸುಮ್ಮನೆ ನಂಬಲಿಲ್ಲ. 1804ರಲ್ಲಿ ಸಹಾಯಕ ಜಾನ್ ವಾರೆನ್ ಬೆಂಗಳೂರಿನಲ್ಲಿ ಇನ್ನೊಂದು ಗೆರೆಯನ್ನು ನೆಲದ ಮೇಲೇ ಅಳೆದರು. ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ!

1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ಕಡಿದು, ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರ ಗೋಡೆಗೆ ಬಡಿದು ಜಖಂ ಆಯಿತು. ಲ್ಯಾಂಬ್ಟನ್ ಡೇರೆಯಲ್ಲಿ ಕೂತು ಆರು ವಾರ ಕಷ್ಟಪಟ್ಟು ಅದನ್ನು ರಿಪೇರಿ ಮಾಡಿದರು. 1823ರ ಜನವರಿಯಲ್ಲಿ, ಸರ್ವೆಯ ದಾರಿಯಲ್ಲೇ, ಈಗಿನ ಮಹಾರಾಷ್ಟ್ರದ ಹಿಂಗಣಘಾಟಿನಲ್ಲಿ ತೀರಿಕೊಂಡರು. ಕೆಲಸವನ್ನು ಜಾರ್ಜ್ ಎವರೆಸ್ಟ್ ಮುಂದುವರಿಸಿದರು.

ಡ್ರೋನ್ ಮಾಡುವುದೂ ಇದನ್ನೇ. ಒಂದೇ ಜಾಗದ ಫೋಟೋವನ್ನು ಆಕಾಶದ ಬೇರೆ ಬೇರೆ ಕಡೆಯಿಂದ ತೆಗೆಯುತ್ತದೆ. ಎರಡು ಫೋಟೋ ತೆಗೆದ ಸ್ಥಳಗಳೇ ಲ್ಯಾಂಬ್ಟನ್ನರ ಗೆರೆಯ ಎರಡು ತುದಿಗಳು. ಎರಡರಲ್ಲೂ ಕಾಣುವ ಬೇಲಿಕಂಬ ಮೂರನೆಯ ಮೂಲೆ. ಇಂಥ ಅಸಂಖ್ಯ ತ್ರಿಕೋನಗಳನ್ನು ಕಂಪ್ಯೂಟರ್ ಬಿಡಿಸುತ್ತದೆ. ನೆಲದ ಮೇಲೆ ಉಪಗ್ರಹದ ಸಹಾಯದಿಂದ ನಿಖರವಾಗಿ ಅಳೆದ ಗುರುತುಗಳ ಜೊತೆ ಅದನ್ನು ಹೋಲಿಸಿ ನೋಡುತ್ತಾರೆ. ವಾರೆನ್ ಅವರ ಬೆಂಗಳೂರಿನ ಗೆರೆಯ ಕೆಲಸವನ್ನು ಈಗ ಈ ಗುರುತುಗಳು ಮಾಡುತ್ತವೆ.

ಸಂಜೆ ಇದನ್ನೆಲ್ಲ ಅಬ್ಬಾಗೆ ಹೇಳಿದೆ. ಲೆಕ್ಕವನ್ನು ನಂಬಬಹುದು, ಆದರೆ ಕ್ಯಾಮೆರಾಗೆ ಕಾಣುವುದು ಸುಣ್ಣ ಮಾತ್ರ, ಅದನ್ನು ಎಲ್ಲಿ ಹಾಕುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ ಎಂದೆ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಟೇಪು ಹಿಡಿದು ಪಕ್ಕದ ಮನೆಗೆ ಹೋದರು. ಒಂದು ತುದಿ ಅಜ್ಜ ಹಿಡಿದರು, ಇನ್ನೊಂದು ಅಬ್ಬಾ. ಸುಣ್ಣ ಹಾಕಿದ್ದು ನಾನು.